ಸಹಾಯ ಬೇಕು: ತಕರಾರಿನ ಜಾಗ ಬಿಟ್ಟು ಪಾಯ ತೆಗೆದರೆ ಹಕ್ಕು ಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ವಿಜಯಪುರದ ಹಳೆಯ ಓಣಿಯೊಂದರಲ್ಲಿರುವ ನಮ್ಮ ಮಣ್ಣಿನ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಬೇಕೆಂದಿರುವಾಗ, ಪೂರ್ವ ದಿಕ್ಕಿನ ನೆರೆಯವರು ಒಂದೂವರೆ ಅಡಿ ಜಾಗ ತಮ್ಮದೆಂದು ತಕರಾರು ತೆಗೆದಿದ್ದಾರೆ. ಖರೀದಿ ಪತ್ರದಲ್ಲಿ ನಮ್ಮ ಜಾಗದ ಅಗಲ 30 ಅಡಿ ಎಂದಿದ್ದು, ಸಿಟಿ ಸರ್ವೆ ಉತಾರವೂ (ನಗರ ಭೂಮಾಪನ ದಾಖಲೆಯ ಪ್ರತಿ) ಅದಕ್ಕೆ ತಾಳೆಯಾಗುತ್ತದೆ. ಶುಲ್ಕ ಕಟ್ಟಿ ಅಳತೆ ಮಾಡಿಸಿದಾಗ, ಸುಣ್ಣದ ಗೆರೆ ನೇರವಾಗಿ ಅವರ ಬಚ್ಚಲಮನೆಯ ಗೋಡೆಗೆ ಹೋಗಿ ತಾಗಿತು. ಅವರು ಪಂಚನಾಮೆಗೆ ಸಹಿ ಮಾಡಲಿಲ್ಲ. ಹಿರಿಯರನ್ನು ಕೂರಿಸಿ ಮಾತನಾಡಿದ್ದಕ್ಕೆ ಚಹಾ ಖರ್ಚಾದದ್ದಷ್ಟೇ ಬಂತು.

ಆ ಜಾಗ ಬಿಟ್ಟು ಪಾಯ ತೆಗೆಯಿರಿ ಎಂದು ಗೌಂಡಿ ಹೇಳುತ್ತಾರೆ. ಆದರೆ 12 ವರ್ಷಗಳ ಪ್ರತಿಕೂಲ ಸ್ವಾಧೀನದ ನಿಯಮ (ಇನ್ನೊಬ್ಬರ ಜಾಗವನ್ನು ಅಷ್ಟು ಕಾಲ ಬಹಿರಂಗವಾಗಿ ತಮ್ಮದೆಂದು ಅನುಭವಿಸಿದವರು ಅದರ ಮೇಲೆ ಹಕ್ಕು ಕೇಳಬಹುದೆಂಬುದು) ನೆನೆದು ಹಿಂಜರಿಯುತ್ತಿದ್ದೇನೆ. ಸದ್ಯ ಲಿಖಿತ ನೋಟಿಸ್ ಕೊಟ್ಟು ಕಟ್ಟಡ ಆರಂಭಿಸಿದರೆ ಸಾಕೇ, ಅಥವಾ ಪಾಯಕ್ಕೆ ಮೊದಲೇ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಲೇಬೇಕೇ?