ಶನಿವಾರ ಮೊದಲ ನೀರಿನ ಟಾಕಿ, ಆಮ್ಯಾಲ ತೋರಣ

ಎಲ್ಲಾರಿಗೂ ವಂದನೆ. ಅಕ್ಕಾರ, ಶನಿವಾರ ಪಾಂಚಗಣಿಗೆ ಮಕ್ಕಳ ಕ್ಯಾಂಪಿನ ತಯಾರಿಗೆ ಹೋಗೋರು ಯಾವ ಕೆಲಸ ಮೊದಲ ಹಿಡೀಬೇಕು ಅಂತ ಕೇಳಿದ್ರಿ. ಟೈಪ್ ಮಾಡಿದ್ರ ಮುಗಿಯೂದಿಲ್ಲ, ಹೇಳೇ ಬಿಡ್ತೀನಿ, ಪೂರಾ ಕೇಳ್ರಿ.

ಯೌವನಸ್ಥರು ಬ್ಯಾನರ್, ಬಣ್ಣದ ಕಾಗದ ಹಿಡಕೊಂಡು ಸೀದಾ ಹಾಲಿಗೆ ಹೋಗ್ತಾರ. ಹಂಗ ಆಗೂದು ಬ್ಯಾಡ. ಗಾಡಿ ಇಳದ ಕೂಡಲೇ ನೀರಿನ ಟಾಕಿ ಖಾಲಿ ಮಾಡ್ರಿ. ಮುಚ್ಚಿಟ್ಟ ಜಾಗಾ ಅದು, ತಳದಾಗ ರಾಡಿ ಕೂತಿರತದ. ನಾರಿನ ಬ್ರಶ್‌ಲೆ ತಿಕ್ಕಿ, ಎರಡು ಸಲ ನೀರು ಹಾಯಿಸಿ ಕೆಳಗಿನ ಪೈಪಿನಿಂದನ ಹೊರಗ ಬಿಡ್ರಿ. ಸಾಬೂನು ಪುಡಿ ಹಾಕಬ್ಯಾಡ್ರಿ, ಮೂಲ್ಯಾಗ ಉಳಕೋತದ. ತುಂಬಿದ ಮ್ಯಾಲ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್. 2000 ಲೀಟರಿನ ಟಾಕಿಗೆ 5 ಗ್ರಾಂ, ಸುಮಾರು ಒಂದು ಚಹಾ ಚಮಚ. ಪುಡಿ ನೇರ ಸುರೀಬ್ಯಾಡ್ರಿ. ಬಕೆಟ್ಟಿನ್ಯಾಗ ಗಂಜಿ ಹಂಗ ಕಲಸಿ, ಮುಕ್ಕಾಲು ನೀರು ತುಂಬಿ 10 ನಿಮಿಷ ಬಿಟ್ರ ಸುಣ್ಣ ತಳ ಹಿಡೀತದ. ಮ್ಯಾಲಿನ ತಿಳಿ ಅಷ್ಟೇ ಟಾಕಿಗೆ ಹಾಕಿ, ಒಂದು ತಾಸು ಬಿಟ್ಟು ಬಳಸ್ರಿ. ಹೋದ ವರ್ಷ ಒಡೆದಿಟ್ಟ ಪಾಕೀಟು ತರಬ್ಯಾಡ್ರಿ, ಗಾಳಿ ಹತ್ತಿ ಕ್ಲೋರಿನ್ ಹೋಗಿರತದ. ಮುಚ್ಚಳಕ್ಕ ತಂತಿ ಬಿಗೀರಿ, ಅಲ್ಲಿ ಮಂಗ್ಯಾನ ಕಾಟ ಭಾಳ. ಕುಡಿಯಾಕ ಮಾತ್ರ ಜಾರಿನ ನೀರೇ ಇರ್ಲಿ. 60 ಮಕ್ಕಳು, 12 ಮಂದಿ ದೊಡ್ಡವರು, ಮೇ ತಿಂಗಳ ಬಿಸಿಲು. ತಲಿಗೆ 3 ಲೀಟರ್ ಹಿಡಿದ್ರ ದಿನಕ್ಕ 20 ಲೀಟರಿನ 11 ಜಾರ್ ಬೇಕು.

ಟಾಕಿ ತುಂಬೂದರೊಳಗ ಗಾದಿ ಎಲ್ಲಾ ಬಿಸಿಲಿಗೆ ಹಾಕ್ರಿ. ಹಾಸಿಟ್ಟ ಗಾದಿ, ಕಲ್ಲಿನ ಗುಪ್ಪಿ ಎತ್ತೋವಾಗ ಕೋಲು ಬಳಸ್ರಿ, ಚೇಳು ಇರ್ತಾವ. ಸಂಡಾಸಿಗೆ ಒಂದೊಂದಕ್ಕೂ ಮೂರು ಬಕೆಟ್ ನೀರು ಸುರುವಿ ನೋಡ್ರಿ. ಕಟ್ಟಿಕೊಂಡದ್ದು ಅವತ್ತ ಗೊತ್ತಾದ್ರ ಪ್ಲಂಬರ್‌ನ ಕರೀಬಹುದು, ಮಕ್ಕಳು ಬಂದ ಮ್ಯಾಲ ಗೊತ್ತಾದ್ರ ಏನು ಮಾಡ್ತೀರಿ? ಒಳಗಿನ ಚಿಲಕ ಸಣ್ಣ ಕೈಗೆ ತೆಗೀಲಿಕ್ಕೆ ಬರತದೋ ಇಲ್ಲೋ ಅದನ್ನೂ ನೋಡ್ರಿ.

ಅಡಿಗಿಗೆ ಸ್ತ್ರೀ ಸಂಘದವರು ಅದಾರ, ಆದ್ರೂ ಅಳತಿ ಹೇಳ್ತೀನಿ. 72 ಮಂದಿಗೆ ಉಪ್ಪಿಟ್ಟಿಗೆ 5 ಕೆಜಿ ರವಾ, ಒಂದ್ಹೊತ್ತಿನ ಅನ್ನಕ್ಕ 7 ಕೆಜಿ ಅಕ್ಕಿ, ಸಾರಿಗೆ 3 ಕೆಜಿ ತೊಗರಿಬ್ಯಾಳಿ. 5 ಕೆಜಿ ರವಾ ಒಂದೇ ಪಾತ್ರ್ಯಾಗ ಹಾಕಿದ್ರ ತಳ ಹತ್ತತದ, ನಡುವ ಗಂಟು ಕಟ್ಟತದ. ಎರಡು ಸಲ ಮಾಡ್ರಿ. ರವಾ ಮನ್ಯಾಗ ಹುರದು ಒಯ್ದ್ರ ಮುಂಜಾನೆ ಅರ್ಧ ತಾಸು ಉಳೀತದ. 19 ಕೆಜಿ ಸಿಲಿಂಡರ್ ಒಂದು ಹೆಚ್ಚಿಗೆ ಇರ್ಲಿ, ರೆಗ್ಯುಲೇಟರ್‌ಗೆ ಸಾಬೂನು ನೀರು ಹಚ್ಚಿ ಗುಳ್ಳಿ ಬರ್ತಾವೇನು ನೋಡ್ರಿ.

ವಾಯಿ ದಾಟಿ ಪಾಂಚಗಣಿಗೆ ಏರೋ ಪಸರಣಿ ಘಾಟಿನ್ಯಾಗ ಮಕ್ಕಳು ವಾಂತಿ ಮಾಡ್ಕೋತಾವ, ಅದಕ್ಕ ಪಾಂಚಗಣಿ ಮುಟ್ಟೋತನಕ ಎಣ್ಣಿ ತಿಂಡಿ ಕೊಡಬ್ಯಾಡ್ರಿ. ಓಆರ್‌ಎಸ್ ದೊಡ್ಡ ಪಾಕೀಟು ಪೂರ್ತಿ ಒಂದು ಲೀಟರಿಗೇ ಕಲಸಬೇಕು. ಗ್ಲಾಸಿನ್ಯಾಗ ಕಲಸಿದ್ರ ಉಪ್ಪು ಹೆಚ್ಚಾಗಿ ಮಗುವಿಗೆ ತ್ರಾಸು.

ಇನ್ನೊಂದು, ಇದನ್ನ ಯಾರೂ ಹಗುರ ತೊಗೋಬ್ಯಾಡ್ರಿ. ಯಾವ ದೊಡ್ಡವರೂ ಒಂದು ಮಗುವಿನ ಜೋಡಿ ಒಬ್ಬರೇ ಮುಚ್ಚಿದ ಖೋಲ್ಯಾಗ ಇರಬಾರದು, ಅವರು ಯಾರೇ ಆಗಿರ್ಲಿ. ಹುಡುಗ್ಯಾರ ಖೋಲಿಗೆ ಹೆಣ್ಣುಮಕ್ಕಳೇ, ಅದೂ ಇಬ್ಬರು. ಆಂಬುಲೆನ್ಸಿನ 108, ಮಕ್ಕಳ ಸಹಾಯವಾಣಿ 1098, ಎರಡೂ ನಂಬರ್ ದೊಡ್ಡಕ್ಷರದಾಗ ಗ್ವಾಡಿಗೆ ಹಚ್ರಿ. ಅಲರ್ಜಿ, ದಿನಾ ತೊಗೊಳ್ಳೋ ಗುಳಿಗಿ, ತಂದಿ-ತಾಯಿ ಫೋನ್ ಬರೆದ ಫಾರ್ಮ್ ಕೊಡದ ಮಗುವನ್ನ ಬಸ್ಸಿಗೆ ಹತ್ತಿಸಬ್ಯಾಡ್ರಿ. ಈಗ ಉದ್ದ ಹಿಡಿಕಿ ಬ್ರಶ್ ಯಾರ ಮನ್ಯಾಗ ಅದ, ಅದನ್ನಷ್ಟು ಹೇಳ್ರಿ, ಎರಡು ಬೇಕು.