ಸಿಡಿಲು ಬಡಿದ ಕಬ್ಬಿನ ಹಾಲು

"ಇನ್ನು ಮುಂದೆ ಜ್ಯೂಸ್ ಕಾಯಿಸೋ ಕೆಲಸವೇ ಇಲ್ಲ" ಎಂದ ನಾಣಿ, ಫೋನಿನಿಂದ ತಲೆ ಎತ್ತದೆ.

"ಕಾಯಿಸ್ತಿದ್ದವರು ಯಾರಪ್ಪಾ? ಮಂಜಣ್ಣ, ನೀವೇನಾದ್ರೂ?" ಎಂದ ಸೀನ.

ಮಂಜಣ್ಣ ಜಲ್ಲೆಗಳ ನಡುವೆ ನಿಂಬೆಹಣ್ಣು, ಶುಂಠಿ ಸಿಕ್ಕಿಸಿ ಗಾಣಕ್ಕೆ ಕೊಟ್ಟರು. ಗೆಜ್ಜೆ ಘಲ್ ಎಂದಿತು. ಅದೇ ಉತ್ತರ.

"ಡಬ್ಬದ ಜ್ಯೂಸ್ ಕಣೋ. ಸುಡುಸುಡು ಕಾಯಿಸಿ ತುಂಬ್ತಾರೆ. ಕ್ರಿಮಿ ಸಾಯುತ್ತೆ, ಜೊತೆಗೆ ರುಚಿಯೂ ಸಾಯುತ್ತೆ. ಈಗ ಕಾಯಿಸದೇ ಕ್ರಿಮಿ ಕೊಲ್ಲೋಕೆ ಕೋಲ್ಡ್ ಪ್ಲಾಸ್ಮಾ ಅಂತ ಬಂದಿದೆ."

"ಪ್ಲಾಸ್ಮಾ ಅಂದ್ರೆ ರಕ್ತದಲ್ಲಿರೋದಲ್ವಾ?" ಪದ್ದು ಲೋಟ ದೂರ ಹಿಡಿದಳು.

"ಅದು ಬೇರೆಯಮ್ಮ" ಎಂದ ವರದ. ಮೇಷ್ಟರಿಕೆ ಬಿಟ್ಟು ಹತ್ತು ವರ್ಷವಾದರೂ ಸೀಮೆಸುಣ್ಣ ಹಿಡಿದ ಹಾಗೇ ಕೈ ಎತ್ತುತ್ತಾನೆ. "ಗಾಳಿಗೆ ಜೋರಾಗಿ ಕರೆಂಟ್ ಹರಿಸಿದರೆ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಬರುತ್ತೆ. ಹಾಗಾದ ಅನಿಲಕ್ಕೆ ಪ್ಲಾಸ್ಮಾ ಅಂತ ಹೆಸರಿಟ್ಟವನು ಅಮೆರಿಕದ ವಿಜ್ಞಾನಿ ಲ್ಯಾಂಗ್ಮ್ಯೂರ್, 1928ರಲ್ಲಿ. ಮಿಂಚೂ ಪ್ಲಾಸ್ಮಾನೇ."

"ಅಂದ್ರೆ ಜ್ಯೂಸಿಗೆ ಸಿಡಿಲು ಬಡಿಸ್ತಾರೆ! ಸಿಡಿಲು ಬಡಿದ ತೆಂಗಿನಮರ ಉಳಿಯಲ್ಲ, ಜ್ಯೂಸ್ ಮಾತ್ರ ಉಳಿಯುತ್ತಾ?"

"ಇದು ತಣ್ಣನೆಯ ಸಿಡಿಲು. ಎಲೆಕ್ಟ್ರಾನಿಗೆ ಮಾತ್ರ ಬಿಸಿ. ಉಳಿದ ಅನಿಲ ತಣ್ಣಗೇ ಇರುತ್ತೆ."

"ಓ, ಮದುವೆ ಛತ್ರ! ಹುಡುಗರು ಓಡಾಡಿ ಬೆವರ್ತಾರೆ, ಬೀಗರು ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟು ಏಳಲ್ಲ."

"ಸರಿಯಾಗಿ ಹೇಳಿದೆ. ಟ್ಯೂಬ್‌ಲೈಟಿನ ಒಳಗೂ ಅದೇ."

ಸೀನ ನಾಣಿಯ ಬೆನ್ನು ತಟ್ಟಿದ. "ಕ್ಲಾಸಿನಲ್ಲಿ ಎಲ್ಲರೂ ನಿನ್ನ ಟ್ಯೂಬ್‌ಲೈಟ್ ಅಂತಿದ್ದರಲ್ಲ, ಕ್ಷಮಿಸು. ನೀನು ಆಗಲೇ ಕೋಲ್ಡ್ ಪ್ಲಾಸ್ಮಾ!"

ನಾಣಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಟ್ಯೂಬ್‌ಲೈಟೇ.

"ಆ ಸಿಡಿಲಿನಲ್ಲಿ ಓಝೋನ್, ಪೆರಾಕ್ಸೈಡ್ ಹುಟ್ಟಿ ಕ್ರಿಮಿಯ ಗೋಡೆ ಒಡೆಯುತ್ತೆ" ಎಂದು ವರದ ಮುಂದುವರಿಸಿದ.

"ಪೆರಾಕ್ಸೈಡ್ ಅಂದ್ರೆ ಪದ್ದು ತಲೆಗೆ ಹಚ್ಚೋದಾ?"

"ಅದು ಮೆಹೆಂದಿ. ಸುಮ್ನಿರಿ."

"ಆದರೆ ಹದ ತಪ್ಪಬಾರದು. ಜಾಸ್ತಿ ಹೊತ್ತು ಹೊಡೆದರೆ ಸಿ ವಿಟಮಿನ್ನೂ ಇಳಿಯುತ್ತೆ. ಅದಕ್ಕೇ ಇನ್ನೂ ಹೆಚ್ಚಾಗಿ ಲ್ಯಾಬುಗಳಲ್ಲೇ ಇದೆ."

ಅಷ್ಟರಲ್ಲಿ ನಾಣಿಯ ಲೋಟದ ಹಾಲು ಕಂದು ತಿರುಗಿತ್ತು.

"ನೋಡಿದಿರಾ? ಕಬ್ಬಿನಲ್ಲಿರೋ ಕಿಣ್ವಕ್ಕೆ ಗಾಳಿ ತಗುಲಿದರೆ ಹೀಗೆ. ಪ್ಲಾಸ್ಮಾ ಕೊಟ್ಟರೆ ಆ ಕಿಣ್ವದ ಆಟ ಕಮ್ಮಿಯಾಗುತ್ತೆ" ಎಂದ ವರದ.

"ಕುಡಿದರೆ ಪೂರ್ತಿ ನಿಲ್ಲುತ್ತೆ" ಎಂದ ಸೀನ, ತನ್ನ ಖಾಲಿ ಲೋಟ ತೋರಿಸಿ. "ನಮ್ಮ ಅಜ್ಜಿ ರಾಮನವಮಿಗೆ ಕೊಳಗ ತುಂಬ ಪಾನಕ ಮಾಡೋರು. ಸಂಜೆಗೆ ತಳದಲ್ಲಿ ಏಲಕ್ಕಿ ಸಿಪ್ಪೆ ಮಾತ್ರ. ಹಾಳಾಗೋಕೆ ಅದಕ್ಕೆ ಪುರಸೊತ್ತೆಲ್ಲಿ?"

"ನಗಬೇಡ" ಎಂದ ವರದ. "ಅಮೆರಿಕದಲ್ಲಿ 1996ರಲ್ಲಿ ಕಾಯಿಸದ ಸೇಬಿನ ಜ್ಯೂಸ್ ಕುಡಿದು ಎಷ್ಟೋ ಮಕ್ಕಳು ಹಾಸಿಗೆ ಹಿಡಿದರು. ಒಂದು ಕೂಸು ಹೋಯಿತು. ಆಮೇಲೆ 2001ರಲ್ಲಿ ನಿಯಮ ತಂದರು. ಅಪಾಯದ ಕ್ರಿಮಿ ಒಂದು ಲಕ್ಷ ಇದ್ದರೆ ಒಂದಕ್ಕೆ ಇಳಿಯಬೇಕು."

ಗೆಜ್ಜೆ ಸದ್ದೂ ನಿಂತಿತ್ತು. ಸೀನನ ಹತ್ತಿರ ಇದಕ್ಕೆ ಮಾತಿರಲಿಲ್ಲ. ಇದ್ದರೂ ಆಡುತ್ತಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವನೇ ಶುರುಮಾಡಿದ. "ಕೆಡದ ಹಾಗೆ ಇಡೋ ಆಸೆ ನಮ್ಮವರಿಗೂ ಇತ್ತು ಅನ್ನು. ಮಂಡ್ಯದ ಹತ್ತಿರ ನಮ್ಮ ತಾತನ ಆಲೆಮನೆ. ಕೊಪ್ಪರಿಗೆಯಲ್ಲಿ ಇದೇ ಹಾಲನ್ನ ಕಾಯಿಸಿ ಕಾಯಿಸಿ ಬೆಲ್ಲ ಮಾಡಿ ಅಟ್ಟದ ಮೇಲೆ ವರ್ಷವಿಡೀ ಇಡೋರು. ಅಮ್ಮ ಮಾತ್ರ ಒಲೆಗೆ ಹೋಗೋ ಮೊದಲೇ ನನಗೊಂದು ಚೊಂಬು ಹಾಲು ಕದ್ದು ಕೊಡೋಳು. ನೊರೆ ಮೂಗಿಗೆ ಹತ್ತೋದು."

"ಈಗಲೂ ಇದೆಯಾ ಆಲೆಮನೆ?"

"ಸೈಟು ಮಾಡಿ ಮಾರಿದರು." ಸೀನ ಎದ್ದು ಜೇಬಿಗೆ ಕೈ ಹಾಕಿದ. "ಮಂಜಣ್ಣ, ಒಂದು ಪಾರ್ಸಲ್ ಕಟ್ಟಿ. ಅಮ್ಮನಿಗೆ. ಮೊದಲು ಇಲ್ಲಿಗೇ ನಡ್ಕೊಂಡು ಬರೋಳು, ಈಗ ಮೆಟ್ಟಿಲು ಇಳಿಯೋಕಾಗಲ್ಲ."

"ಬಸ್ಸಲ್ಲಿ ಹೋಗಿ ಸೇರೋಷ್ಟರಲ್ಲಿ ಕಪ್ಪಾಗಿರುತ್ತೆ ಸಾರ್. ರುಚಿಯೂ ಇರಲ್ಲ."

ಸೀನ ಸ್ವಲ್ಪ ಹೊತ್ತು ಗಾಣವನ್ನೇ ನೋಡುತ್ತ ನಿಂತ.

"ನಾಣಿ, ಆ ಸಿಡಿಲು ನಮ್ಮ ಕಡೆಗೆ ಯಾವಾಗ ಬರುತ್ತಂತೆ?"