ಓದುಗರ ಸ್ಪಂದನ: ಎರಡು ಉಂಗುರ, ಒಂದೇ ಬಜೆಟ್

ಓದುಗರೊಬ್ಬರ ಸಮಸ್ಯೆ: ಮದುವೆಗೆ ಇನ್ನು ಮೂರು ತಿಂಗಳು. ಇಬ್ಬರಿಗೂ ದಿನಾ ಹಾಕಿಕೊಳ್ಳುವಂಥ ಸಾದಾ ಉಂಗುರ ಬೇಕು, ಕೈಯಲ್ಲಿರುವ ದುಡ್ಡು ಕಮ್ಮಿ. ನಾನು ಮದುವೆಯಾಗಲಿರುವವರು ಲೇತ್ ಮೆಷೀನ್ ಮೇಲೆ ಕೆಲಸ ಮಾಡುವವರು, ಗಟ್ಟಿ ಇರಲಿ ಅಂತ ಟಂಗ್‌ಸ್ಟನ್ ನೋಡುತ್ತಿದ್ದಾರೆ. ನನಗೆ ವೈಟ್ ಗೋಲ್ಡ್ ಇಷ್ಟ. ತುಂಡಾದ ಹಳೇ ಚಿನ್ನದ ಸರವೊಂದು ಮನೆಯಲ್ಲಿದೆ, ಅದನ್ನೇ ಕರಗಿಸಿ ಉಂಗುರ ಮಾಡಿಸಬಹುದೇ?

ಉಂಗುರ ಮಾಡುವವರೊಬ್ಬರು:

ಮೊದಲು ಡಿಸೈನ್ ಪುಸ್ತಕ ಮುಚ್ಚಿಡಿ, ಅಳತೆ ಮಾತಾಡೋಣ. ಸಾದಾ ಉಂಗುರದ ಬೆಲೆಯಲ್ಲಿ ದೊಡ್ಡ ಪಾಲು ಲೋಹದ ತೂಕದ್ದು. ಆ ತೂಕವನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಒಳವ್ಯಾಸಕ್ಕೆ ದಪ್ಪ ಕೂಡಿಸಿ, 3.14ರಿಂದ ಗುಣಿಸಿ, ಬಂದದ್ದನ್ನು ಅಗಲದಿಂದಲೂ ದಪ್ಪದಿಂದಲೂ ಗುಣಿಸಿ. ಎಲ್ಲ ಮಿಲಿಮೀಟರಿನಲ್ಲೇ ಇರಲಿ. ಕೊನೆಗೆ 1000ದಿಂದ ಭಾಗಿಸಿ ಲೋಹದ ಸಾಂದ್ರತೆಯಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ಸಾಂದ್ರತೆ 22 ಕ್ಯಾರಟ್‌ಗೆ ಸುಮಾರು 17.7, 18ಕ್ಕೆ 15.5, 14ಕ್ಕೆ 13.1 ಅಂತ ಹಿಡಿಯಿರಿ.

18 ಮಿ.ಮೀ. ಒಳವ್ಯಾಸ, 4 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಚಪ್ಪಟೆ ಉಂಗುರ 22 ಕ್ಯಾರಟ್‌ನಲ್ಲಿ ಸುಮಾರು 6.5 ಗ್ರಾಂ ತೂಗುತ್ತದೆ. 18ರಲ್ಲಿ 5.7, 14ರಲ್ಲಿ 4.8. ಇಲ್ಲಿ ಉಳಿತಾಯ ಎರಡು ಕಡೆಯಿಂದ ಬರುತ್ತದೆ. ಕ್ಯಾರಟ್ ಇಳಿದಂತೆ ಉಂಗುರವೂ ಹಗುರವಾಗುತ್ತದೆ, ಆ ಹಗುರಾದ ತೂಕದಲ್ಲಿ ಚಿನ್ನದ ಪಾಲೂ ಕಮ್ಮಿ. 22 ಕ್ಯಾರಟ್‌ನದರಲ್ಲಿ ಅಪ್ಪಟ ಚಿನ್ನ ಸುಮಾರು 6 ಗ್ರಾಂ ಇದ್ದರೆ 14ರದರಲ್ಲಿ ಬರೀ 2.8. ಹಾಕಿಕೊಂಡರೆ ಗಾತ್ರ ಮಾತ್ರ ಅದೇ. ಹೊರಮೈ ಗುಂಡಗಿದ್ದರೆ ಇನ್ನೂ ಒಂದಿಷ್ಟು ತೂಕ ಇಳಿಯುತ್ತದೆ.

ಇನ್ನೂ ಕಡಿಮೆ ಮಾಡಬೇಕೆಂದರೆ ಅಗಲ ತಗ್ಗಿಸಿ, ದಪ್ಪಕ್ಕೆ ಕೈ ಹಚ್ಚಬೇಡಿ. ಎಲ್ಲರೂ ಎಡವುವುದು ಇಲ್ಲೇ. 6 ಮಿ.ಮೀ. ಅಗಲದ ತೆಳು ತಗಡಿನಂಥ ಉಂಗುರ ಶೋಕೇಸಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಭಾರದ ಚೀಲ ಹಿಡಿದು ನಾಲ್ಕು ದಿನ ಓಡಾಡಿದರೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. 3 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ್ದು ನೋಡಲು ಸಣ್ಣದಾದರೂ ಬಾಳಿಕೆ ಬರುತ್ತದೆ. ವರ್ನಿಯರ್ ಕ್ಯಾಲಿಪರ್ ಇಟ್ಟು ಅಂಗೈ ಕಡೆಯ ದಪ್ಪ ನೋಡಿ. ಮೇಲೆ 1.5 ಇಟ್ಟು ಕೆಳಗೆ 1ಕ್ಕೆ ಇಳಿಸಿರುವವರಿದ್ದಾರೆ, ಸವೆಯುವುದು ಆ ಕೆಳಭಾಗವೇ. ಅಗಲಕ್ಕೆ ಹೋಲಿಸಿದರೆ ತೂಕ ತೀರಾ ಕಮ್ಮಿ ಅನಿಸಿದರೆ ಒಳಗೆ ಟೊಳ್ಳು. ಬೇಡವೇ ಬೇಡ, ತಗ್ಗು ಬಿದ್ದರೆ ಎಬ್ಬಿಸಲಾಗದು, ಸೈಜೂ ಬದಲಾಗದು.

ಲೇತ್ ಕೆಲಸ ಬಲ್ಲವರು:

ತಿರುಗುವ ಮೆಷೀನಿನ ಮುಂದೆ ಬೆರಳಲ್ಲಿ ಯಾವ ಉಂಗುರವೂ ಇರಬಾರದು. ಸಿಕ್ಕಿಕೊಂಡರೆ ಚರ್ಮದ ಸಮೇತ ಎಳೆದುಕೊಂಡು ಹೋಗುತ್ತದೆ. ಸರಕ್ಕೆ ಪೋಣಿಸಿ ಕತ್ತಿಗೆ ಹಾಕಿಕೊಳ್ಳುತ್ತೇನೆ ಅಂದರೆ ಅದು ಇನ್ನೂ ಅಪಾಯ. ಮನೆಯಲ್ಲೋ ಲಾಕರಿನಲ್ಲೋ ಬಿಟ್ಟೇ ಹೋಗಬೇಕು.

ಹಾಗಾದರೆ ಕೆಲಸದ ಹೊತ್ತಲ್ಲಿ ಬೆರಳಲ್ಲೇ ಇರದ ಉಂಗುರಕ್ಕೆ ಟಂಗ್‌ಸ್ಟನ್ನಿನ ಗಟ್ಟಿತನ ಯಾತಕ್ಕೆ? ಅದಕ್ಕೆ ಗೀರು ಬೀಳುವುದಿಲ್ಲ, ಒಪ್ಪಿದೆ. ಆದರೆ ಕಲ್ಲುನೆಲಕ್ಕೆ ಬಿದ್ದರೆ ಒಡೆಯಬಹುದು; ಉಂಗುರಕ್ಕೆ ಬಳಸುವುದು ಟಂಗ್‌ಸ್ಟನ್ ಕಾರ್ಬೈಡ್, ಲೇತ್ ಟೂಲಿನ ತುದಿಯಲ್ಲಿ ಇರುವಂಥದ್ದೇ. ಅದು ಬಾಗುವುದಿಲ್ಲ, ಚೂರಾಗುತ್ತದೆ ಅಂತ ನಿಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಸೈಜ್ ಬದಲಿಸಲು ಬರುವುದೇ ಇಲ್ಲ. ಬೆರಳು ಊದಿಕೊಂಡಾಗ ಉಂಗುರ ಕತ್ತರಿಸುವ ಮಾಮೂಲಿ ಗರಗಸ ಇದರ ಮೇಲೆ ಜಾರುತ್ತದೆ. ಲಾಕಿಂಗ್ ಇಕ್ಕಳದಿಂದ ಸ್ವಲ್ಪಸ್ವಲ್ಪವೇ ಬಿಗಿದು ಒಡೆದು ತೆಗೆಯುತ್ತಾರೆ. ಅಗ್ಗವೇ ಮುಖ್ಯ ಅನ್ನುವುದಾದರೆ 316ಎಲ್ ಎಂಬ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟಾನಿಯಂ ನೋಡಿ. ಅವೂ ಸೈಜಿನ ವಿಷಯದಲ್ಲಿ ಮೊಂಡು, ಆದರೆ ಒಡೆಯುವುದಿಲ್ಲ.

ಹಳೇ ಚಿನ್ನದ ಕೆಲಸ ಮಾಡುವವರು:

ಸರ ಕರಗಿಸಬಹುದು, ಆದರೆ ಕರಗಿಸಿ ಹಾಗೇ ಉಂಗುರ ಎಳೆಯಬಾರದು. ಸರದಲ್ಲಿ ಕೊಂಡಿ ಕೊಂಡಿಗೂ ಬೆಸುಗೆ ಇರುತ್ತದೆ. ಬೆಸುಗೆಯ ಚಿನ್ನ ಬೇಗ ಕರಗಲೆಂದು ಅದಕ್ಕೆ ಬೇರೆ ಲೋಹ ಸೇರಿಸಿರುತ್ತಾರೆ. ಹಾಗಾಗಿ ಸರದ ಮೇಲೆ 916 (ಅಂದರೆ 22 ಕ್ಯಾರಟ್) ಅಂತ ಮುದ್ರೆಯಿದ್ದರೂ ಕರಗಿಸಿದ ಗಟ್ಟಿಯ ಶುದ್ಧತೆ ಅದಕ್ಕಿಂತ ಕಮ್ಮಿ ಇರಬಹುದು. ಆ ಗಟ್ಟಿಯನ್ನು ತಟ್ಟುವಾಗ ಅಂಚಿನಲ್ಲಿ ಕೂದಲೆಳೆಯಂಥ ಸೀಳು ಕಾಣಿಸಿಕೊಂಡರೆ ಕಲ್ಮಶ ಸೇರಿದೆ ಅಂತಲೇ ಅರ್ಥ. ಮೇಲೆ ಪಾಲಿಶ್ ಹಾಕಿ ಮುಚ್ಚಿದರೂ ಸೈಜ್ ಹಿಗ್ಗಿಸುವ ದಿನ ಅದೇ ಜಾಗದಲ್ಲಿ ಬಿಡುತ್ತದೆ. ಶುದ್ಧಿ ಮಾಡಿಸಿ, ಬೇಕಾದ ಕ್ಯಾರಟ್‌ಗೆ ಮಿಶ್ರಣ ಮಾಡಿಸಿಯೇ ಮುಂದಿನ ಕೆಲಸ.

ಇನ್ನೊಂದು ಸಣ್ಣ ವಿಷಯ. ಸರದ ಕೊಕ್ಕೆ ಬಿಚ್ಚಿ ನೋಡಿ, ಒಳಗೆ ಉಕ್ಕಿನ ಸ್ಪ್ರಿಂಗ್ ಇರಬಹುದು. ತೆಗೆಯದೆ ಕರಗಿಸಿದರೆ ಚಿನ್ನದಲ್ಲಿ ಗಟ್ಟಿ ಕಾಳಿನಂತೆ ಉಳಿದು ಅರ ಹಾಕುವಾಗ ತಡೆಯುತ್ತದೆ. ತೂಕ ಮಾಡಿಸುವ ಮುಂಚೆ ಸೋಪಿನ ನೀರಲ್ಲಿ ನೆನೆಸಿ ಉಜ್ಜಿ, ಚೆನ್ನಾಗಿ ಒಣಗಿಸಿ. ಕರಗಿಸುವ ಮೊದಲಿನ ತೂಕ, ಆಮೇಲಿನ ತೂಕ, ಪರೀಕ್ಷೆಯಲ್ಲಿ ಬಂದ ಶುದ್ಧತೆ ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಹಿರಿಯರ ನೆನಪಿಗೆ ಅಂತ ಅದೇ ಚಿನ್ನ ಬೇಕೆಂದಿಲ್ಲವಾದರೆ ಆ ಶುದ್ಧತೆಯ ಲೆಕ್ಕದಲ್ಲಿ ಬದಲಿಗೆ ಕೊಟ್ಟು ಹೊಸದು ಕೊಳ್ಳುವುದೇ ಅಗ್ಗ.

ಪಾಲಿಶ್, ಲೇಪನದ ಕೆಲಸದವರು:

ವೈಟ್ ಗೋಲ್ಡಿನ ಆ ಕನ್ನಡಿಬಿಳಿ ಸಾಮಾನ್ಯವಾಗಿ ಚಿನ್ನದ್ದಲ್ಲ, ಮೇಲಿನ ರೋಡಿಯಂ ಎಂಬ ಬಿಳಿ ಲೋಹದ ಲೇಪನದ್ದು. ದಿನಾ ಹಾಕಿಕೊಂಡರೆ ವರ್ಷ ಎರಡು ವರ್ಷದಲ್ಲಿ ಅಂಗೈ ಕಡೆ ಸವೆದು ಒಳಗಿನ ತಿಳಿಹಳದಿ ಇಣುಕುತ್ತದೆ, ಮತ್ತೆ ಮತ್ತೆ ಲೇಪನದ ಖರ್ಚು. ಬಿಳುಪಿಗೆ ನಿಕ್ಕಲ್ ಸೇರಿಸಿದ್ದರೆ ಕೆಲವರಿಗೆ ತುರಿಕೆಯೂ ಬರುತ್ತದೆ, ಕೇಳಿ ತಿಳಿದುಕೊಳ್ಳಿ. ಬಜೆಟ್ ಬಿಗಿ ಇರುವಾಗ ಹಳದಿಯೋ ತಾಮ್ರಗೆಂಪಿನ ರೋಸ್ ಗೋಲ್ಡೋ ಸಾಕಲ್ಲವೇ?

ಅಳತೆ ತೆಗೆಯುವವರು:

ದಾರ ಸುತ್ತಿ ಅಳೆಯಬೇಡಿ, ಎಳೆದರೆ ಹಿಗ್ಗುತ್ತದೆ. ಒಂದು ಸೈಜ್ ತಪ್ಪುವುದೆಂದರೆ ಸುತ್ತಳತೆಯಲ್ಲಿ ಹೆಚ್ಚೆಂದರೆ ಎರಡೂವರೆ ಮಿ.ಮೀ. ವ್ಯತ್ಯಾಸ, ಅಷ್ಟೇ. ನೀವು ಕೊಳ್ಳುವ ಅಗಲದ್ದೇ ಅಳತೆ ಉಂಗುರ ಬೆರಳಿಗೆ ಹಾಕಿಸಿ ನೋಡಿ. ಅಗಲ ಹೆಚ್ಚಿದಂತೆ ಉಂಗುರ ಬಿಗಿ ಅನಿಸುತ್ತದೆ. ಬೆಳಗಿನ ಚಳಿಯಲ್ಲಿ ಬೆರಳು ಕುಗ್ಗಿರುತ್ತದೆ, ಸೆಖೆಯಲ್ಲಿ ಊದಿರುತ್ತದೆ. ಬೇರೆ ಬೇರೆ ದಿನ ಮೂರು ಸಲ, ಸಂಜೆ ಹೊತ್ತು ಅಳೆಸಿ. ಗಿಣ್ಣು ದಾಟುವಾಗ ತುಸು ತಡೆದು, ದಾಟಿದ ಮೇಲೆ ಸಲೀಸಾಗಿ ತಿರುಗಬೇಕು. ಒಳಗೆ ಹೆಸರು ಕೆತ್ತಿಸುವುದಿದ್ದರೆ ಒಂದು ವಾರ ಹಾಕಿ ನೋಡಿದ ಮೇಲೆ. ಮೊದಲೇ ಕೆತ್ತಿಸಿ ಆಮೇಲೆ ಸೈಜ್ ಬದಲಿಸಿದರೆ ಅಕ್ಷರದ ನಡುವೆಯೇ ಬೆಸುಗೆ ಬೀಳಬಹುದು.

ಒಡವೆ ಲೆಕ್ಕ ಬರೆಯುವವರು:

ಮೇಲಿನವರು 14 ಕ್ಯಾರಟ್ ಲೆಕ್ಕ ಕೊಟ್ಟಿದ್ದು ಸರಿ, ಅದರಲ್ಲಿ ಎರಡು ತೊಡಕಿವೆ. ತಾಮ್ರ, ಬೆಳ್ಳಿಯ ಪಾಲು ಹೆಚ್ಚಿರುವುದರಿಂದ ಬೆವರಿಗೆ ಬಣ್ಣ ಮಾಸುತ್ತದೆ, ಬ್ಲೀಚ್ ನೀರಲ್ಲಿ ಕೈ ಅದ್ದುತ್ತಿದ್ದರೆ ಲೋಹ ಒಳಗೇ ಬಿರುಕುಬಿಡಬಹುದು. ಆಮೇಲೆ ಮಾರಲು ಹೋದರೆ ಮಜೂರಿ ವಾಪಸ್ ಬರುವುದಿಲ್ಲ, ಇದು ಯಾವ ಕ್ಯಾರಟ್‌ಗೂ ಅನ್ವಯ. ಅದಕ್ಕೇ ಬೆಲೆ ಕೇಳುವಾಗ ಒಟ್ಟು ಎಷ್ಟು ಅನ್ನಬೇಡಿ. ತೂಕ, ಗ್ರಾಂ ದರ, ವೇಸ್ಟೇಜ್ (ಮಾಡುವಾಗ ಸವೆದುಹೋಗುವ ಚಿನ್ನದ ಲೆಕ್ಕ), ಮಜೂರಿ, ತೆರಿಗೆ ಬೇರೆ ಬೇರೆ ಬರೆದುಕೊಡಲು ಹೇಳಿ. 3 ಗ್ರಾಂ ಉಂಗುರಕ್ಕೆ ಒಂದು ಪೀಸಿಗೆ ಇಷ್ಟು ಅಂತ ಮಜೂರಿ ಹಾಕಿದ್ದರೆ ಗ್ರಾಂ ಲೆಕ್ಕದಲ್ಲಿ ಭಾಗಿಸಿ ನೋಡಿ, ಹಗುರ ಉಂಗುರದ ಉಳಿತಾಯ ಅಲ್ಲೇ ಸೋರಿಹೋಗಿರುತ್ತದೆ. ಎರಡೂ ಉಂಗುರವನ್ನು ಒಂದೇ ಕಡೆ ಒಟ್ಟಿಗೆ ಆರ್ಡರ್ ಮಾಡಿ ಮಜೂರಿಯಲ್ಲಿ ಚೌಕಾಸಿ ಮಾಡಿ. ಮೊದಲ ಸಲ ಸೈಜ್ ಸರಿಮಾಡಿಕೊಡುವುದು ಉಚಿತವೇ ಅನ್ನುವುದನ್ನೂ ಅದೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ.